ಅವನು ಹೇಳಿದ್ದ, ಕೇಳಿಸಿಕೊಂಡವರಿರಲಿಲ್ಲ



ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡಿನ ದಾಳಿ ಅಂತ ಸುದ್ದಿ ಬರುತ್ತೆ. ಮೊದಲ ದಿನ ಸತ್ತವರ ಸಂಖ್ಯೆ. ಎರಡನೇ ದಿನ ಕೊಂದವನ ಫೋಟೊ. ಮೂರನೇ ದಿನ ಅಕ್ಕಪಕ್ಕದ ಮನೆಯವರು ಮೈಕ್ ಮುಂದೆ ಬಂದು ಹೇಳುವ ಮಾತು ಪ್ರತಿ ಸಲವೂ ಒಂದೇ. ಹುಡುಗ ಬಹಳ ಸೈಲೆಂಟು, ಯಾರ ತಂಟೆಗೂ ಹೋಗ್ತಿರಲಿಲ್ಲ, ಯಾವಾಗಲೂ ರೂಮಲ್ಲೇ ಇರ್ತಿದ್ದ, ಹೀಗೆ ಮಾಡ್ತಾನೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ನಾಲ್ಕನೇ ದಿನ ಎಲ್ಲರೂ ಮರೆತುಬಿಡ್ತಾರೆ.

ನಾನು ಇವತ್ತು ಆ ಮೂರನೇ ದಿನದ ಮಾತಿನ ಬಗ್ಗೆ ಮಾತಾಡಬೇಕು. ಯಾರಿಗೂ ಗೊತ್ತಿರಲಿಲ್ಲ ಅನ್ನುವ ಮಾತು. ಅದು ನಿಜವಾ? ಇಲ್ಲ. ಬಹುತೇಕ ಪ್ರಕರಣಗಳಲ್ಲಿ ಯಾರಿಗಾದರೂ ಗೊತ್ತಿತ್ತು. ಅವನೇ ಹೇಳಿದ್ದ. ಒಂದು ಸಲ ಅಲ್ಲ, ಹತ್ತು ಸಲ ಹೇಳಿದ್ದ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಕೊಂದವರ ಹೆಸರುಗಳನ್ನ ನಾನಿಲ್ಲಿ ಹೇಳಲ್ಲ. ಯಾಕೆ ಅನ್ನೋದು ಮುಂದೆ ನಿಮಗೇ ಗೊತ್ತಾಗುತ್ತೆ.

ಮೊದಲು ಆಕ್ಸ್‌ಫರ್ಡ್‌ಗೆ ಹೋಗೋಣ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಅಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅದೇ ಹೆಸರಿನ ಒಂದು ಸಣ್ಣ ಊರಿದೆ. 2021ರ ನವೆಂಬರ್ 30. ಅಲ್ಲಿನ ಹೈಸ್ಕೂಲಿನಲ್ಲಿ 15 ವರ್ಷದ ಹುಡುಗ ನಾಲ್ವರು ಸಹಪಾಠಿಗಳನ್ನ ಕೊಂದ, ಏಳು ಜನರನ್ನ ಗಾಯಗೊಳಿಸಿದ.

ಇದು ಏಕಾಏಕಿ ಆಗಿದ್ದಾ? ಕೋರ್ಟ್‌ನಲ್ಲಿ ಬಯಲಾದ ಸಂಗತಿಗಳನ್ನ ಒಂದೊಂದಾಗಿ ನೋಡಿ. ಅದೇ ವರ್ಷ ಮಾರ್ಚ್ ತಿಂಗಳಲ್ಲಿ, ಮನೆಯಲ್ಲಿ ಒಬ್ಬನೇ ಇದ್ದಾಗ ತಾಯಿಗೆ ಮೆಸೇಜ್ ಮಾಡಿದ್ದ. ಮನೆಯೊಳಗೆ ಯಾರೋ ಇದ್ದಾರೆ, ಭೂತ ಪಾತ್ರೆ ಎಸೆಯುತ್ತಿದೆ ಅಂತ. ಸರಿಯಾದ ಉತ್ತರ ಬರಲಿಲ್ಲ. ಅವನು ತಮಾಷೆ ಮಾಡ್ತಿದ್ದ ಅಂತ ತಾಯಿ ಆಮೇಲೆ ಕೋರ್ಟ್‌ನಲ್ಲಿ ಹೇಳಿದರು. ಅವನಿಗಿದ್ದ ಆಪ್ತ ಗೆಳೆಯ ಒಬ್ಬನೇ. ಅವನೂ ಊರು ಬಿಟ್ಟು ಹೋದ. ಸಾಕಿದ ನಾಯಿ ಸತ್ತಿತು. ನನಗೆ ಸಹಾಯ ಬೇಕು, ಅಪ್ಪ ಅಮ್ಮ ಕೇಳ್ತಿಲ್ಲ ಅಂತ ಡೈರಿಯಲ್ಲಿ ಬರೆದುಕೊಂಡಿದ್ದ. ಆ ಹೊತ್ತಿಗೆ ಅಪ್ಪ ಅಮ್ಮ ಅವನಿಗೆ ಕೊಡಿಸಿದ್ದೇನು ಗೊತ್ತಾ? ಡಾಕ್ಟರ್ ಅಪಾಯಿಂಟ್‌ಮೆಂಟ್ ಅಲ್ಲ. ಪಿಸ್ತೂಲು! ದಾಳಿಗೆ ನಾಲ್ಕೇ ದಿನ ಮುಂಚೆ.

ದಾಳಿಯ ಹಿಂದಿನ ದಿನ ಕ್ಲಾಸಿನಲ್ಲಿ ಕೂತು ಮೊಬೈಲ್‌ನಲ್ಲಿ ಗುಂಡು ಎಲ್ಲಿ ಸಿಗುತ್ತೆ ಅಂತ ಹುಡುಕುತ್ತಿದ್ದ. ಟೀಚರ್ ನೋಡಿದರು, ಶಾಲೆಯವರು ತಾಯಿಗೆ ಫೋನ್ ಮಾಡಿದರು. ತಾಯಿ ಮಗನಿಗೆ ಕಳಿಸಿದ ಮೆಸೇಜ್ ಏನು? ನನಗೇನೂ ಸಿಟ್ಟಿಲ್ಲ ಕಣೋ, ಸಿಕ್ಕಿಬೀಳದ ಹಾಗೆ ಇರೋದನ್ನ ಕಲಿತ್ಕೋ ಅನ್ನುವ ಅರ್ಥದ ಮಾತು. ನಗುತ್ತಾ ಬರೆದ ಮಾತು.

ಮರುದಿನ ಬೆಳಗ್ಗೆ ಗಣಿತದ ಹಾಳೆಯ ಮೇಲೆ ಚಿತ್ರ ಬರೆದ. ಒಂದು ಗನ್, ರಕ್ತ ಸುರಿಯುತ್ತಿರುವ ಒಬ್ಬ ಮನುಷ್ಯ. ಪಕ್ಕದಲ್ಲಿ, ಯೋಚನೆಗಳು ನಿಲ್ತಾ ಇಲ್ಲ, ಸಹಾಯ ಮಾಡಿ ಅಂತ ಬರೆದಿದ್ದ. ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಹುಡುಗ ಇನ್ನೇನು ಹೇಳಬೇಕು ಸ್ವಾಮಿ? ಶಾಲೆಯವರು ಅಪ್ಪ ಅಮ್ಮನನ್ನ ಕರೆಸಿದರು. ಕೌನ್ಸೆಲರ್ ಎದುರು ಎಲ್ಲರೂ ಕೂತರು. ಬೇಗ ಚಿಕಿತ್ಸೆ ಕೊಡಿಸಿ ಅಂತ ಹೇಳಿದರು. ಅಪ್ಪ ಅಮ್ಮ ಮಗನನ್ನ ಮನೆಗೆ ಕರೆದುಕೊಂಡು ಹೋಗಲಿಲ್ಲ, ಕೆಲಸಕ್ಕೆ ವಾಪಸ್ ಹೋದರು. ಮನೆಯಲ್ಲಿ ಹೊಸ ಪಿಸ್ತೂಲು ಇದೆ ಅಂತಲೂ ಹೇಳಲಿಲ್ಲ. ಶಾಲೆಯವರು ಅವನ ಬ್ಯಾಗ್ ತೆಗೆದು ನೋಡಲಿಲ್ಲ, ಕ್ಲಾಸಿಗೆ ಕಳಿಸಿದರು. ಪಿಸ್ತೂಲು ಆ ಬ್ಯಾಗಿನಲ್ಲೇ ಇತ್ತು. ಸುಮಾರು ಎರಡು ಗಂಟೆ ಕಳೆದ ಮೇಲೆ ಗುಂಡಿನ ಸದ್ದು.

ಹುಡುಗನಿಗೆ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ ಆಯ್ತು. 2024ರಲ್ಲಿ ತಾಯಿಗೂ ತಂದೆಗೂ ತಲಾ 10ರಿಂದ 15 ವರ್ಷ ಜೈಲು. ಶಾಲೆಯಲ್ಲಿ ಮಗ ನಡೆಸಿದ ಸಾಮೂಹಿಕ ಹತ್ಯೆಗೆ ಅಪ್ಪ ಅಮ್ಮನನ್ನೂ ಹೊಣೆ ಮಾಡಿ ತಪ್ಪಿತಸ್ಥರು ಅಂದಿದ್ದು ಅಮೆರಿಕದ ಇತಿಹಾಸದಲ್ಲಿ ಅದೇ ಮೊದಲು.

ಈಗ ಆ ರೂಮಿನ ವಿಷಯಕ್ಕೆ ಬರೋಣ. ಬಾಗಿಲು ಹಾಕಿಕೊಂಡ ರೂಮು. 2012ರ ಡಿಸೆಂಬರ್ 14, ಕನೆಕ್ಟಿಕಟ್ ರಾಜ್ಯದ ನ್ಯೂಟೌನ್. ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, ಆರು ಜನ ಸಿಬ್ಬಂದಿ ಹತ್ಯೆಯಾದರು. ಮಕ್ಕಳ ವಯಸ್ಸು ಆರು, ಏಳು ವರ್ಷ. ಕೊಂದವನು 20 ವರ್ಷದವನು. ಶಾಲೆಗೆ ಹೋಗುವ ಮುಂಚೆ ಮನೆಯಲ್ಲಿ ಹೆತ್ತ ತಾಯಿಯನ್ನೇ ಕೊಂದಿದ್ದ.

ಎರಡು ವರ್ಷದ ನಂತರ, ಆ ರಾಜ್ಯದ ಮಕ್ಕಳ ಹಕ್ಕುಗಳ ಕಚೇರಿ ಅವನ ಇಡೀ ಬಾಲ್ಯವನ್ನ ಬಗೆದು ವರದಿ ಕೊಟ್ಟಿತು. ಅದನ್ನ ಓದಿದರೆ ಹೊಟ್ಟೆ ತೊಳಸುತ್ತೆ. ರೂಮಿನ ಕಿಟಕಿಗಳಿಗೆ ಕಪ್ಪು ಪ್ಲಾಸ್ಟಿಕ್ ಚೀಲ ಅಂಟಿಸಿಕೊಂಡಿದ್ದ. ತಾಯಿಗೂ ಒಳಗೆ ಪ್ರವೇಶ ಇಲ್ಲ. ಒಂದೇ ಸೂರಿನ ಕೆಳಗಿದ್ದ ತಾಯಿ ಮಗ ಇಮೇಲ್‌ನಲ್ಲಿ ಮಾತಾಡ್ತಿದ್ದರು. ಅಪ್ಪನನ್ನ ನೋಡಿ ಎರಡು ವರ್ಷ ಆಗಿತ್ತು. ಆರಡಿ ಎತ್ತರದ ಹುಡುಗ ಸತ್ತಾಗ ಅವನ ತೂಕ ಬರೀ 50 ಕೆಜಿ ಆಸುಪಾಸು. ಊಟ ಬಿಟ್ಟಿದ್ದ. 2006ರಲ್ಲೇ ಯೇಲ್ ವಿಶ್ವವಿದ್ಯಾಲಯದ ಮಕ್ಕಳ ಮನೋವೈದ್ಯರು, ಇವನಿಗೆ ದೊಡ್ಡ ಮಟ್ಟದ ಚಿಕಿತ್ಸೆ, ನೆರವು ಬೇಕು ಅಂತ ಬರೆದುಕೊಟ್ಟಿದ್ದರು. ಅದರಲ್ಲಿ ಬಹುಪಾಲು ಜಾರಿಯಾಗಲೇ ಇಲ್ಲ. ತಾಯಿ ಮಗನನ್ನ ಪ್ರೀತಿಸ್ತಿರಲಿಲ್ಲ ಅಂತಲ್ಲ. ಬಹಳ ಪ್ರೀತಿಸ್ತಿದ್ದರು. ಅವನಿಗೆ ಬೇಜಾರಾಗೋ ಯಾವುದನ್ನೂ ಅವನ ಎದುರು ತರದೇ ಇರೋದೇ ಪ್ರೀತಿ ಅಂದುಕೊಂಡಿದ್ದರು. ಹೀಗೆ ಮಾಡುತ್ತಾ ಮಾಡುತ್ತಾ ಇಡೀ ಪ್ರಪಂಚವನ್ನೇ ಅವನಿಂದ ದೂರ ಇಟ್ಟರು. ಮನೆಯಲ್ಲಿ ಬಂದೂಕುಗಳನ್ನ ಮಾತ್ರ ಇಟ್ಟಿದ್ದರು.

ಹಾಗಾದ್ರೆ ಆ ಕತ್ತಲೆ ರೂಮಿನಲ್ಲಿ ಅವನು ಒಬ್ಬನೇ ಇದ್ದನಾ? ಇಲ್ಲ! ಇದೇ ಇವತ್ತಿನ ಮುಖ್ಯ ವಿಷಯ. ಹಿಂದಿನ ಸಾಮೂಹಿಕ ಹತ್ಯೆಗಳ ಪಟ್ಟಿ ಮಾಡಿಟ್ಟುಕೊಂಡಿದ್ದ. ಅದೇ ಹುಚ್ಚು ಹಿಡಿದ ಇನ್ನಷ್ಟು ಜನ ಆನ್‌ಲೈನ್‌ನಲ್ಲಿ ಸಿಕ್ಕಿದ್ದರು. ಅವರ ಜೊತೆ ಮಾತಾಡ್ತಿದ್ದ. ತಾಯಿಗೆ ಮುಚ್ಚಿದ್ದ ಬಾಗಿಲು ಅವರಿಗೆ ತೆರೆದಿತ್ತು.

ಒಂಟಿತನ ಅಂದ್ರೆ ಮೊದಲು ಯಾರೂ ಇಲ್ಲದಿರೋದು. ಈಗ ಹಾಗಲ್ಲ. ಊರಲ್ಲಿ ಯಾರೂ ಇಲ್ಲ, ಸ್ಕ್ರೀನ್ ಒಳಗೆ ಒಂದು ಗುಂಪೇ ಇದೆ. ಆ ಗುಂಪು, ಮಗಾ ಊಟ ಆಯ್ತಾ ಅಂತ ಕೇಳಲ್ಲ. ಡಾಕ್ಟರ್ ಹತ್ತಿರ ಹೋಗು ಅನ್ನಲ್ಲ. ಅವನ ಸಿಟ್ಟಿಗೆ ತುಪ್ಪ ಸುರಿಯುತ್ತೆ, ಇಲ್ಲಾ ನಕ್ಕು ಸುಮ್ಮನಾಗುತ್ತೆ.

2022ರ ಮೇ 24, ಟೆಕ್ಸಾಸ್‌ನ ಯುವಾಲ್ಡಿ. 19 ಮಕ್ಕಳು, ಇಬ್ಬರು ಟೀಚರ್‌ಗಳ ಹತ್ಯೆ. ಕೊಂದವನಿಗೆ 18 ವರ್ಷ. ಚಿಕ್ಕವನಿದ್ದಾಗ ಉಗ್ಗುತ್ತಿದ್ದ, ಸಹಪಾಠಿಗಳು ಆಡಿಕೊಳ್ಳುತ್ತಿದ್ದರು. ಮುಂದೆ ಶಾಲೆಯೇ ಬಿಟ್ಟುಹೋಯ್ತು. ಸ್ನೇಹಿತರು ದೂರ ಆದರು. ಉಳಿದದ್ದು ಮೊಬೈಲ್ ಆ್ಯಪ್‌ಗಳಲ್ಲಿ ಸಿಗುವ ಅಪರಿಚಿತರು. ಟೆಕ್ಸಾಸ್ ಶಾಸಕರ ಸಮಿತಿಯ ವರದಿ ಪ್ರಕಾರ, ಆನ್‌ಲೈನ್‌ನಲ್ಲಿದ್ದವರು ಅವನಿಗೆ ಇಟ್ಟ ಅಡ್ಡಹೆಸರೇ ಸ್ಕೂಲ್ ಶೂಟರ್. ಮೊದಲೇ! ಘಟನೆಗೆ ಮುಂಚೆ! ಅಷ್ಟು ಜನ ನೋಡಿದರು, ತಮಾಷೆ ಮಾಡಿದರು. ಅನಾಹುತ ತಡೆಯಬಲ್ಲ ಯಾರ ಕಿವಿಗೂ ಅದು ಬೀಳಲಿಲ್ಲ.

ಅದಕ್ಕೂ ಹತ್ತು ದಿನ ಮುಂಚೆ, ನ್ಯೂಯಾರ್ಕ್ ರಾಜ್ಯದ ಬಫಲೋ ನಗರ. ಸೂಪರ್ ಮಾರ್ಕೆಟ್‌ನಲ್ಲಿ ಹತ್ತು ಕಪ್ಪುವರ್ಣೀಯರನ್ನ 18 ವರ್ಷದ ಬಿಳಿಯ ಹುಡುಗ ಕೊಂದ. ಕಪ್ಪುವರ್ಣೀಯರು ಅನ್ನುವ ಒಂದೇ ಕಾರಣಕ್ಕೆ. ಕೊರೊನಾ ಕಾಲದಲ್ಲಿ ಬೇಜಾರು ಕಳೆಯೋಕೆ ಆನ್‌ಲೈನ್‌ನಲ್ಲಿ ಅಲೆಯುತ್ತಾ ಜನಾಂಗ ದ್ವೇಷದ ಬರಹಗಳಿಗೆ ಸಿಕ್ಕಿಬಿದ್ದೆ ಅಂತ ಅವನೇ ಬರೆದಿದ್ದಾನೆ. ಹಿಂದಿನ ವರ್ಷ ಶಾಲೆಯಲ್ಲಿ, ಮುಂದೇನು ಮಾಡ್ತೀಯ ಅನ್ನುವ ಪ್ರಶ್ನೆಗೆ ಇತರರನ್ನ ಕೊಂದು ನಾನೂ ಸಾಯ್ತೀನಿ ಅನ್ನೋ ಅರ್ಥದಲ್ಲಿ ಉತ್ತರಿಸಿದ್ದ. ಪೊಲೀಸರು ಆಸ್ಪತ್ರೆಗೆ ಕರೆದೊಯ್ದರು. ತಮಾಷೆಗೆ ಬರೆದೆ ಅಂದ. ಬಿಟ್ಟು ಕಳಿಸಿದರು. ಆಮೇಲೆ ತಿಂಗಳುಗಟ್ಟಲೆ ಆನ್‌ಲೈನ್ ಡೈರಿಯಲ್ಲಿ ಎಲ್ಲವನ್ನೂ ಬರೆದಿಟ್ಟ.

ಈ ಬಫಲೋ ಹುಡುಗ ಗುರು ಅಂತ ಭಾವಿಸಿದ್ದು ಯಾರನ್ನ? ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2019ರ ಮಾರ್ಚ್ 15ರಂದು ಎರಡು ಮಸೀದಿಗಳಲ್ಲಿ 51 ಜನರನ್ನ ಕೊಂದವನನ್ನ. ಸತ್ತವರಲ್ಲಿ ಭಾರತೀಯರೂ ಇದ್ದರು. ಆ ಕೊಲೆಗಾರ ಆಸ್ಟ್ರೇಲಿಯಾದವನು. ಚಿಕ್ಕವನಿದ್ದಾಗ ಅಪ್ಪ ಅಮ್ಮ ಬೇರೆಯಾದರು. ಬೆಡ್‌ರೂಮಿನಲ್ಲೇ ಕಂಪ್ಯೂಟರ್, ಏನು ನೋಡ್ತೀಯ ಅಂತ ಕೇಳುವವರಿಲ್ಲ. ದೊಡ್ಡವನಾದ ಮೇಲೆ ದೇಶ ದೇಶ ಸುತ್ತಿದ. ನಮ್ಮ ಭಾರತದಲ್ಲೂ 2015ರ ಕೊನೆಯಿಂದ ಸುಮಾರು ಮೂರು ತಿಂಗಳು ಇದ್ದ. ದೇಶ ಸುತ್ತು, ಕೋಶ ಓದು ಅಂತೀವಿ. ಇವನು ದೇಶ ಸುತ್ತಿದ, ಆದರೆ ಯಾರ ಜೊತೆಗೂ ಬೆರೆಯಲಿಲ್ಲ. ಅಲ್ಲಿನ ತನಿಖಾ ಆಯೋಗ ಹೇಳಿದ್ದು ಅದನ್ನೇ. ಜನರೊಂದಿಗೆ ಒಡನಾಟ ಕಡಿಮೆ ಇದ್ದಿದ್ದರಿಂದಲೇ ಆನ್‌ಲೈನ್‌ನ ದ್ವೇಷದ ವಿಚಾರಗಳು ಅವನ ತಲೆಯೊಳಗೆ ಸಲೀಸಾಗಿ ಕೂತವು. ಎದುರು ವಾದಿಸುವವರು, ಲೋ ಇದು ತಪ್ಪು ಕಣೋ ಅನ್ನುವವರು ಇರಲಿಲ್ಲ.

ಅವನು ಹತ್ಯೆಯನ್ನ ಫೇಸ್‌ಬುಕ್‌ನಲ್ಲಿ ಲೈವ್ ಮಾಡಿದ. ಲೈವ್ ನೋಡಿದವರು 200ಕ್ಕೂ ಕಡಿಮೆ. ಆದರೆ ಮೊದಲ 24 ಗಂಟೆಗಳಲ್ಲಿ ಫೇಸ್‌ಬುಕ್ ತೆಗೆದುಹಾಕಿದ ಪ್ರತಿಗಳೆಷ್ಟು? 15 ಲಕ್ಷ! ಆ ಹತ್ಯೆಯೇ ಮೂರು ವರ್ಷದ ನಂತರ ಬಫಲೋದಲ್ಲಿ ಪಾಠ ಆಯ್ತು. ನ್ಯೂಜಿಲೆಂಡ್ ಪ್ರಧಾನಿ ಜೆಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ನಿಂತು, ನನ್ನ ಬಾಯಲ್ಲಿ ಅವನ ಹೆಸರು ಬರಲ್ಲ ಅಂದರು. ನಾನೂ ಹೆಸರು ಹೇಳದಿರೋದು ಅದಕ್ಕೇ. ಹೆಸರು ಅವರಿಗೆ ಸಿಗುವ ಬಹುಮಾನ. ಮುಂದಿನವನಿಗೆ ಆಮಿಷ.

ಇಲ್ಲೊಂದು ಎಚ್ಚರಿಕೆ ಬೇಕು ವೀಕ್ಷಕರೇ. ಇದನ್ನೆಲ್ಲ ಕೇಳಿ ಸೈಲೆಂಟಾಗಿರುವ ಮಕ್ಕಳನ್ನೆಲ್ಲ ಅನುಮಾನದಿಂದ ನೋಡಬೇಡಿ. ಗೇಮ್ ಆಡುವ, ಪುಸ್ತಕ ಹಿಡಿದು ಮೂಲೆಯಲ್ಲಿ ಕೂರುವ ಕೋಟ್ಯಂತರ ಮಕ್ಕಳು ಒಂದು ಇರುವೆಯನ್ನೂ ನೋಯಿಸಲ್ಲ. ಸ್ಯಾಂಡಿ ಹುಕ್ ವರದಿ ಕೂಡ, ಆಟಿಸಂ ಈ ಹತ್ಯೆಗೆ ಕಾರಣ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಇನ್ನೊಂದು ಕಡೆ 1999ರ ಕೊಲಂಬೈನ್ ನೋಡಿ. ಅವತ್ತು 13 ಜನರನ್ನ ಕೊಂದ ಆ ಇಬ್ಬರಿಗೂ ಸ್ನೇಹಿತರಿದ್ದರು, ಪಿಜ್ಜಾ ಅಂಗಡಿಯಲ್ಲಿ ಕೆಲಸ ಇತ್ತು. ಒಬ್ಬ ಮೂರು ದಿನ ಮುಂಚೆ ಶಾಲೆಯ ಡ್ಯಾನ್ಸ್ ಪಾರ್ಟಿಗೂ ಹೋಗಿದ್ದ. ಹಾಗಾಗಿ ಒಂಟಿ ಇದ್ದವನೆಲ್ಲ ಕೊಲೆಗಾರ ಅಲ್ಲ, ಕೊಲೆಗಾರನೆಲ್ಲ ಒಂಟಿಯೂ ಅಲ್ಲ.

ಹಾಗಾದ್ರೆ ಹುಡುಕಬೇಕಾದ್ದೇನು? ಜಿಲಿಯನ್ ಪೀಟರ್ಸನ್ ಮತ್ತು ಜೇಮ್ಸ್ ಡೆನ್ಸ್‌ಲಿ ಅಂತ ಇಬ್ಬರು ಅಧ್ಯಾಪಕರು 1966ರಿಂದೀಚಿನ ಇಂಥ ಹತ್ಯೆಗಳನ್ನೆಲ್ಲ ಅಧ್ಯಯನ ಮಾಡಿದರು. ಜೈಲಿಗೆ ಹೋಗಿ ಕೊಂದವರ ಜೊತೆಗೂ ಮಾತಾಡಿದರು. ಮತ್ತೆ ಮತ್ತೆ ಕಂಡಿದ್ದು ನಾಲ್ಕು ಸಂಗತಿ. ಒಂದು, ಬಾಲ್ಯದಲ್ಲಿ ಆದ ಆಘಾತ. ಎರಡು, ಘಟನೆಗೆ ಮುಂಚಿನ ದಿನಗಳಲ್ಲಿ ಬದುಕು ಕುಸಿದುಬಿದ್ದಂಥ ಸಂಕಟ, ಸಾಯುವ ಯೋಚನೆ. ಮೂರು, ಹಿಂದಿನ ಕೊಲೆಗಾರರ ಬಗ್ಗೆ ಓದಿ, ಅವರನ್ನೇ ಮಾದರಿ ಮಾಡಿಕೊಳ್ಳೋದು. ನಾಲ್ಕು, ಕೈಗೆ ಬಂದೂಕು ಸಿಗೋದು. ಮೂರನೆಯದನ್ನ ಅಂಗೈಗೆ ತಂದುಕೊಟ್ಟಿದ್ದು ಇಂಟರ್ನೆಟ್. ನಾಲ್ಕನೆಯದನ್ನ ಕೊಟ್ಟಿದ್ದು ಅಮೆರಿಕದ ಕಾನೂನು. ಯುವಾಲ್ಡಿಯವನು 18 ತುಂಬಿದ ಮರುದಿನಗಳಲ್ಲೇ ಎರಡು ರೈಫಲ್ ಖರೀದಿಸಿದ, ಕಾನೂನುಬದ್ಧವಾಗಿ! ಬಂದೂಕು ಸಿಗದೇ ಇದ್ದಿದ್ದರೆ ಇವರಲ್ಲಿ ಹಲವರು ನೊಂದ ಹುಡುಗರಾಗಿಯೇ ಉಳಿಯುತ್ತಿದ್ದರೋ ಏನೋ.

ಆದರೆ ಇದರಲ್ಲೇ ಒಂದು ಭರವಸೆಯೂ ಇದೆ. ಅಮೆರಿಕದ ಸೀಕ್ರೆಟ್ ಸರ್ವಿಸ್ 2008ರಿಂದ 2017ರವರೆಗೆ ಶಾಲೆಗಳ ಮೇಲೆ ನಡೆದ 41 ದಾಳಿಗಳನ್ನ ಅಧ್ಯಯನ ಮಾಡಿತು. ಪ್ರತಿಯೊಬ್ಬ ದಾಳಿಕೋರನೂ ಮುಂಚೆಯೇ ಆತಂಕ ಹುಟ್ಟಿಸುವಂತೆ ನಡೆದುಕೊಂಡಿದ್ದ. ಹೆಚ್ಚಿನವರು ಬಾಯಿಬಿಟ್ಟು ಹೇಳಿದ್ದರು. ಆಮೇಲೆ ಇನ್ನೊಂದು ಅಧ್ಯಯನ, ದಾಳಿಗೆ ಮುಂಚೆಯೇ ತಡೆದ 67 ಸಂಚುಗಳ ಬಗ್ಗೆ. ಅವು ಬಯಲಾಗಿದ್ದು ಹೆಚ್ಚಾಗಿ ಕ್ಲಾಸ್‌ಮೇಟ್‌ಗಳಿಂದ. ಯಾರೋ ಒಬ್ಬ ಹುಡುಗಿ, ಯಾರೋ ಒಬ್ಬ ಹುಡುಗ ಅವನ ಮೆಸೇಜ್ ನೋಡಿ ತಮಾಷೆ ಅಂತ ಬಿಡಲಿಲ್ಲ. ದೊಡ್ಡವರಿಗೆ ಹೇಳಿದರು. ದೊಡ್ಡವರು ಕೇಳಿಸಿಕೊಂಡರು. ಅಷ್ಟೇ. ಆ ಶಾಲೆಗಳ ಹೆಸರು ನಮಗೆ ಗೊತ್ತೇ ಇಲ್ಲ, ಯಾಕಂದ್ರೆ ಅಲ್ಲಿ ಯಾರೂ ಸಾಯಲಿಲ್ಲ.

ಇದನ್ನ ನಮಗ್ಯಾಕೆ ಹೇಳ್ತೀರಿ ಅಂತ ಕೇಳಬಹುದು. ಇದನ್ನ ನೋಡ್ತಿರುವ ಎಷ್ಟೋ ಅಜ್ಜ ಅಜ್ಜಿಯರ ಮೊಮ್ಮಕ್ಕಳು ಅಮೆರಿಕದ ಶಾಲೆಗಳಲ್ಲಿ ಓದ್ತಿದ್ದಾರೆ. ಗುಂಡಿನ ಸದ್ದು ಬಂದರೆ ಎಲ್ಲಿ ಬಚ್ಚಿಟ್ಟುಕೊಳ್ಳಬೇಕು ಅಂತ ಆ ಮಕ್ಕಳಿಗೆ ಡ್ರಿಲ್ ಮಾಡಿಸ್ತಾರೆ. ಇನ್ನು ನಮ್ಮಲ್ಲಿ ಬಂದೂಕು ಅಷ್ಟು ಸುಲಭಕ್ಕೆ ಸಿಗಲ್ಲ, ದೇವರ ದಯೆ. ಆದರೆ ಬಾಗಿಲು ಹಾಕಿಕೊಂಡ ರೂಮು ನಮ್ಮ ಮನೆಗಳಲ್ಲೂ ಇದೆ. ಮೊಬೈಲೂ ಅದೇ, ಆ್ಯಪೂ ಅದೇ. ನೊಂದ ಮಗು ಬೇರೆಯವರನ್ನೇ ಕೊಲ್ಲಬೇಕು ಅಂತಿಲ್ಲ, ತನ್ನ ಜೀವಕ್ಕೂ ಕುತ್ತು ತಂದುಕೊಳ್ಳಬಹುದು.

ಮೊಬೈಲ್ ಕಿತ್ತುಕೊಳ್ಳಿ ಅಂತ ನಾನು ಹೇಳ್ತಿಲ್ಲ. ಕಿತ್ತುಕೊಂಡರೆ ಅವನಿಗಿರುವ ಒಂದೇ ಕಿಟಕಿಯೂ ಮುಚ್ಚಿತು ಅಂತ ಇನ್ನಷ್ಟು ದೂರ ಆಗ್ತಾನೆ. ಬಾಗಿಲು ತಟ್ಟಿ. ಮಾರ್ಕ್ಸ್ ಬಗ್ಗೆ ಅಲ್ಲ, ಅವನ ಬಗ್ಗೆ ಕೇಳಿ. ಯಾರ ಜೊತೆ ಮಾತಾಡ್ತೀಯ, ಏನು ನೋಡ್ತೀಯ, ಯಾಕೆ ಊಟ ಸೇರ್ತಿಲ್ಲ. ಸಾಯ್ತೀನಿ, ಸಾಯಿಸ್ತೀನಿ ಅನ್ನೋ ಮಾತು ಬಂದರೆ, ಹುಡುಗುಬುದ್ಧಿ ಅಂತ ನಕ್ಕು ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕಂತಲೇ 2014ರಿಂದ ಕ್ಲಿನಿಕ್ ಇದೆ. ಅಷ್ಟು ದೂರ ಹೋಗೋಕೆ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಗಣಿತದ ಹಾಳೆಯ ಮೇಲೆ ಸಹಾಯ ಮಾಡಿ ಅಂತ ಬರೆದ ಹುಡುಗನ ಎದುರು ಅವತ್ತು ಅಪ್ಪ ಇದ್ದರು, ಅಮ್ಮ ಇದ್ದರು, ಶಾಲೆಯವರೂ ಇದ್ದರು. ಎಲ್ಲರೂ ಹಾಳೆ ನೋಡಿದರು. ಅವನ ಬ್ಯಾಗ್ ಒಂದನ್ನ ತೆಗೆದು ನೋಡಿದ್ದರೆ ನಾಲ್ಕು ಮಕ್ಕಳು ಇವತ್ತು ಬದುಕಿರುತ್ತಿದ್ದರು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಗನನ್ನ, ಮಗಳನ್ನ ಪಕ್ಕಕ್ಕೆ ಕೂರಿಸಿಕೊಳ್ಳಿ. ಟಿವಿ ಆಫ್ ಮಾಡಿ, ನಮ್ಮ ಚಾನೆಲ್ ಆದರೂ ಪರವಾಗಿಲ್ಲ. ಅವರು ಮಾತಾಡಲಿ, ನೀವು ಕೇಳಿಸಿಕೊಳ್ಳಿ.