ಮಳೆಗಾಲದಲ್ಲಿ ತಾರಸಿ ಸೋರಿದರೆ

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



25 ವರ್ಷದ ಸಂಭ್ರಮದಲ್ಲಿ ಸೋರುವ ಮನೆಯ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಸಂಘದ ಸಾಧನೆ ಹೇಳುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ನಾವು ಪ್ರತಿ ವರ್ಷ ಆರಿದ್ರಾ ಮಳೆಯಿಂದ ಮಘೆ ಮಳೆಯವರೆಗೆ ಮನೆ ಮನೆಯಲ್ಲಿ ಕೇಳುವ ದೂರಿನ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

ನಮ್ಮ ಅರೆ ಮಲೆನಾಡಿನಲ್ಲಿ ಮೊದಲು ಇದ್ದದ್ದು ಹುಲ್ಲು ಮತ್ತು ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿ ಬಂತು. ಹೆಂಚು ಒಡೆದರೆ ಒಳಗಿನಿಂದಲೇ ಬೆಳಕಿನ ತೂತು ಕಾಣುತ್ತಿತ್ತು. ಒಂದು ಹೆಂಚು ಬದಲಿಸಿದರೆ ಮುಗೀತು. ಈಗ ಊರ ತುಂಬ ಆರ್.ಸಿ.ಸಿ. ತಾರಸಿ. ಇದು ಸೋರಿದರೆ ಎಲ್ಲಿಂದ ಸೋರುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಜಡಿಮಳೆಯಲ್ಲಿ ಗಾಬರಿಯಾಗಿ ಪೇಟೆಗೆ ಓಡಿ, ಅಂಗಡಿಯವರು ಕೊಟ್ಟ ಡಬ್ಬ ತಂದು ಬಳಿದು, ಎಂಟು ದಿನಕ್ಕೆ ಅದು ಸಿಪ್ಪೆ ಎದ್ದು ಹೋಗುವುದನ್ನು ನೋಡುತ್ತಲೇ ಇದ್ದೇವೆ. ಗೊಬ್ಬರಕ್ಕೆ ಇಟ್ಟ ದುಡ್ಡು ಅಲ್ಲಿಗೆ ಹೋಗುತ್ತದೆ. ನಮ್ಮ ಅಭಿಪ್ರಾಯ ಇಷ್ಟೇ: ಮಳೆಗಾಲದಲ್ಲಿ ತಾರಸಿ ರಿಪೇರಿ ಮಾಡಲು ಹೋಗಬೇಡಿ, ನೀರಿಗೆ ದಾರಿ ಮಾಡಿಕೊಡಿ. ರಿಪೇರಿ ಬೇಸಿಗೆಯ ಕೆಲಸ.

ಮೊದಲು ಮನೆಯ ಒಳಗೆ ನೋಡಿ. ಬಲ್ಬಿನ ಹೋಲ್ಡರು, ಫ್ಯಾನು, ಸ್ವಿಚ್ ಬೋರ್ಡಿನ ಹತ್ತಿರ ಹನಿ ಕಂಡರೆ ಮೇನ್ ಸ್ವಿಚ್ ಆರಿಸಿ, ಆಮೇಲೆ ಬಕೆಟ್ಟು ಹುಡುಕಿ. ಬಣ್ಣ ಗುಳ್ಳೆಯಂತೆ ಉಬ್ಬಿ ನೀರು ತುಂಬಿಕೊಂಡಿದ್ದರೆ ಕೆಳಗೆ ಪಾತ್ರೆ ಇಟ್ಟು, ಪಕ್ಕಕ್ಕೆ ನಿಂತು ಚುಚ್ಚಿ ನೀರು ಇಳಿಸಿ. ಗಾರೆ ತಟ್ಟಿದರೆ ಟೊಳ್ಳು ಶಬ್ದ ಬಂದರೆ ಅದರ ಕೆಳಗೆ ಮಕ್ಕಳ ಹಾಸಿಗೆ ಹಾಸಬೇಡಿ. ಸ್ಲ್ಯಾಬು ಬಾಗಿದ್ದರೆ, ಕಾಂಕ್ರೀಟು ಉದುರಿ ತುಕ್ಕು ಹಿಡಿದ ಕಂಬಿ ಹೊರಗೆ ಬಂದಿದ್ದರೆ ಈ ಭಾಷಣದ ಯಾವ ಉಪಾಯವೂ ಸಾಲದು. ಆ ಕೋಣೆ ಖಾಲಿ ಮಾಡಿ, ಇಂಜಿನಿಯರಿಗೆ ತೋರಿಸಿ.

ಆಮೇಲೆ ತಾರಸಿ. ಮಳೆ ಹೊಳವಾದಾಗ ಹತ್ತಿ. ಗುಡುಗು ಇದ್ದರೆ ಬೇಡವೇ ಬೇಡ. ಒಬ್ಬರೇ ಹೋಗಬೇಡಿ, ಏಣಿ ಹಿಡಿಯಲು ಕೆಳಗೆ ಒಬ್ಬರಿರಲಿ. ಪಾಚಿ ಕಟ್ಟಿದ ತಾರಸಿ ಗದ್ದೆ ಬದುವಿಗಿಂತ ಕಡೆ, ಕಾಲಿಟ್ಟಲ್ಲಿ ಜಾರುತ್ತದೆ. ಒಂದು ಬುಟ್ಟಿ ಮರಳು ಚೆಲ್ಲಿಕೊಂಡು ನಡೆಯಿರಿ.

ಹತ್ತಿದ ಕೂಡಲೇ ಬಿರುಕು ಹುಡುಕಬೇಡಿ, ಮಳೆ ನೀರಿನ ಪೈಪಿನ ಬಾಯಿ ನೋಡಿ. 2019ರ ಆಗಸ್ಟಿನಲ್ಲಿ ಆಶ್ಲೇಷ ಮಳೆ ಹಿಡಿದಾಗ ನಮ್ಮ ಗೋದಾಮಿನಲ್ಲಿ ಏನಾಯಿತು ಅಂತ ಹಲವರಿಗೆ ನೆನಪಿರಬಹುದು. ಯೂರಿಯಾ ಚೀಲಗಳ ನೆತ್ತಿಯ ಮೇಲೇ ತೊಟ್ಟಿಕ್ಕತೊಡಗಿತು. ಯೂರಿಯಾ ತೇವ ಹೀರಿ ಗಡ್ಡೆ ಕಟ್ಟುವ ಮಾಲು. ಹಮಾಲರೂ ನಿರ್ದೇಶಕರೂ ಸೇರಿ ಚೀಲ ಸರಿಸಿದ್ದಾಯಿತು. ಮೇಲೆ ಹೋಗಿ ನೋಡಿದರೆ ಅಲ್ಲೊಂದು ಕೆರೆ! ಪಕ್ಕದ ಹಲಸಿನ ಮರದ ಎಲೆ ಪೈಪಿನ ಬಾಯಿಗೆ ಮೆತ್ತಿಕೊಂಡಿತ್ತು. ಕೈ ಹಾಕಿ ತೆಗೆದ ಮೇಲೆ ನೀರು ಇಳಿಯಿತು, ಒಳಗೆ ಸೋರುವುದೂ ಮುಕ್ಕಾಲು ಪಾಲು ನಿಂತಿತು. ಸ್ವಲ್ಪ ಲೆಕ್ಕ ಹಾಕಿ: 10 ಅಡಿಗೆ 10 ಅಡಿ ಜಾಗದಲ್ಲಿ 4 ಅಂಗುಲ ನೀರು ನಿಂತರೆ 900 ಲೀಟರಿಗೂ ಮೇಲೆ, ಅಂದರೆ ಹತ್ತಿರ ಹತ್ತಿರ ಒಂದು ಟನ್ ಭಾರ. ಅಷ್ಟು ನೀರು ಕೂತಿದ್ದರೆ ಕೂದಲೆಳೆ ಬಿರುಕಿನಲ್ಲೂ ಇಳಿಯದೆ ಬಿಡುತ್ತದೆಯೇ?

ಇನ್ನು ಸೋರುವ ಜಾಗ. ಒಳಗೆ ಹನಿ ಬೀಳುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ನೀರು ಗಾರೆಯ ಕೆಳಗೆ ಓಡಿ ಎಲ್ಲೋ ಇಳಿಯುತ್ತದೆ. ಅದಕ್ಕೇ ಹನಿ ಬೀಳುವ ಜಾಗದಿಂದ ವಾಟದ ಮೇಲ್ಭಾಗಕ್ಕೆ ಹುಡುಕುತ್ತಾ ಹೋಗಬೇಕು. ಪ್ಯಾರಾಪೆಟ್ ಗೋಡೆಯ ಬುಡ, ಪೈಪಿನ ಸುತ್ತ, ನೀರಿನ ಟ್ಯಾಂಕಿನ ಕಟ್ಟೆ, ಮತ್ತೆ ಮುಂದೆ ಮಹಡಿ ಕಟ್ಟೋಣ ಅಂತ ಬಿಟ್ಟ ಕಂಬದ ಕಂಬಿಗಳು. ಈ ಕಂಬಿ ನಮ್ಮ ಊರಿನ ಆಸೆಯ ಗುರುತು. ಮಹಡಿ ಏಳುವ ಹೊತ್ತಿಗೆ ಕಂಬಿಗೆ ತುಕ್ಕು ಹಿಡಿದು ಅದರ ಬುಡದಲ್ಲೇ ನೀರು ಇಳಿಯುತ್ತಿರುತ್ತದೆ. ಮಳೆ ಬಿಟ್ಟು ಗಾರೆ ಆರುತ್ತಾ ಬಂದಾಗ ಬಿರುಕು ಮಾತ್ರ ಕಪ್ಪು ಗೆರೆಯಾಗಿ ಒದ್ದೆ ಉಳಿದಿರುತ್ತದೆ. ಆಗ ಇಟ್ಟಿಗೆ ಚೂರಿನಲ್ಲಿ ಗುರುತು ಹಾಕಿಕೊಳ್ಳಿ.

ಜಾಗ ಸಿಕ್ಕಿದರೂ ಸಿಗದಿದ್ದರೂ ಮಳೆಯಲ್ಲಿ ನಂಬುವಂಥ ಮದ್ದು ಒಂದೇ, ದಪ್ಪ ಟಾರ್ಪಾಲು. ಅದನ್ನು ತೂತಿನ ಮೇಲೆ ಕರವಸ್ತ್ರದ ಹಾಗೆ ಹಾಸಿದರೆ ಪ್ರಯೋಜನವಿಲ್ಲ, ಮೇಲಿನಿಂದ ಬಂದ ನೀರು ಅಡಿಗೇ ನುಗ್ಗುತ್ತದೆ. ಎತ್ತರದ ಕಡೆಯ ಅಂಚನ್ನು ಪ್ಯಾರಾಪೆಟ್ ದಾಟಿಸಿ ಹೊರಗೆ ಇಳಿಬಿಡಿ. ಕೆಳ ಅಂಚು ಬಿರುಕು ದಾಟಿ ಪೈಪಿನ ಕಡೆ ಹೋಗಲಿ, ಆದರೆ ಪೈಪಿನ ಬಾಯಿ ಮುಚ್ಚಬಾರದು. ಎರಡು ಟಾರ್ಪಾಲು ಬೇಕಾದರೆ ಹೆಂಚು ಹೊದೆಸುವ ಲೆಕ್ಕವೇ: ಮೇಲಿನದು ಕೆಳಗಿನದರ ಮೇಲೆ ಕನಿಷ್ಠ ಒಂದು ಅಡಿ ಬರಬೇಕು. ಗಾಳಿಗೆ ಹಾರದಂತೆ ಗೊಬ್ಬರದ ಖಾಲಿ ಚೀಲದಲ್ಲಿ ಮರಳು ತುಂಬಿ ಹೇರಿ. ಚೂಪು ಕಲ್ಲು ಟಾರ್ಪಾಲು ಹರಿಯುತ್ತದೆ. ಮೊಳೆ ಹೊಡೆದರೆ ಹೊಸ ತೂತು. ಚೀಲಗಳನ್ನು ವಾಟಕ್ಕೆ ಅಡ್ಡಲಾಗಿ ಸಾಲು ಇಡಬೇಡಿ, ಅದೇ ಒಂದು ಒಡ್ಡಾಗಿ ನೀರು ನಿಲ್ಲುತ್ತದೆ.

ಮಳೆ ಒಂದು ದಿನ ಬಿಡುವು ಕೊಟ್ಟರೆ ಸಣ್ಣ ಬಿರುಕಿಗೆ ಬೇಗ ಗಟ್ಟಿಯಾಗುವ ಸಿಮೆಂಟನ್ನು, ಕೈಗೆ ಗ್ಲೌಸ್ ಹಾಕಿಕೊಂಡು, ಒತ್ತಿ ತುಂಬಬಹುದು. ಅಂಟು ಪಟ್ಟಿ ಹಾಕುವವರು ಜಾಗವನ್ನು ಚೆನ್ನಾಗಿ ಒರೆಸಿ ಒಣಗಿಸಿ ಹಾಕಿ, ಒದ್ದೆಗೆ ಅದು ಹಿಡಿಯುವುದಿಲ್ಲ. ಹರಿಯುವ ನೀರಿನಲ್ಲಿ ಸಿಮೆಂಟ್ ಹಾಲು ಹುಯ್ದರೆ ಅದು ನೇರ ಚರಂಡಿಗೆ. ಒದ್ದೆ ತಾರಸಿಗೆ ಕಾದ ಡಾಂಬರು ಸುರಿಯುವುದಂತೂ ಅಪಾಯ, ನೀರು ತಾಗಿದರೆ ಸಿಡಿದು ಮೈ ಕೈ ಸುಡುತ್ತದೆ. ಕೆಲವರು ತಾರಸಿ ಮೇಲೆ ಮಣ್ಣು ಹೇರುತ್ತಾರೆ. ಅದು ನೀರು ಹಿಡಿದಿಟ್ಟುಕೊಂಡು ಭಾರವನ್ನೂ ಸೋರಿಕೆಯನ್ನೂ ಹೆಚ್ಚಿಸುತ್ತದೆ. ಇನ್ನೊಂದು, ಮನೆಯಲ್ಲಿ ಮದುವೆ ಇದೆ ಅಂತ ಒಳಗಿನಿಂದ ಸೂರಿಗೆ ದಪ್ಪ ಬಣ್ಣ ಬಳಿಸುವುದು. ಕಲೆ ನಾಲ್ಕು ದಿನ ಮುಚ್ಚುತ್ತದೆ, ನೀರು ಸ್ಲ್ಯಾಬಿನಲ್ಲೇ ಉಳಿದು ಕಂಬಿ ತಿನ್ನುತ್ತದೆ.

ಈಗ ಸಂಘಕ್ಕೆ ಸಂಬಂಧಿಸಿದ ಮಾತು. ಒಳ್ಳೆಯ ದಪ್ಪ ಟಾರ್ಪಾಲು ಒಂದು ಮನೆಗೆ ದುಬಾರಿ, ಅದರಲ್ಲೂ ಒಂಟಿ ಹೆಂಗಸರು, ವಯಸ್ಸಾದವರು ಇರುವ ಮನೆಗೆ. ಸಂಘವೇ ನಾಲ್ಕೈದು ದೊಡ್ಡ ಟಾರ್ಪಾಲು ಕೊಂಡು, ಕಡಿಮೆ ಬಾಡಿಗೆಗೆ ಕೊಡುವ ಏರ್ಪಾಡು ಮಾಡಬೇಕೆಂದು ನಾವು ಆಡಳಿತ ಮಂಡಲಿಯ ಮುಂದೆ ಇಟ್ಟಿದ್ದೇವೆ. ಗೊಬ್ಬರ ಮಾರುವ ಸಂಘಕ್ಕೆ ಇದೆಲ್ಲ ಯಾಕೆ ಎಂದವರೂ ಇದ್ದಾರೆ. ಸೋರುವ ಮನೆಯಲ್ಲಿ ಕೂತವನ ಬಿತ್ತನೆ ಬೀಜ ಮೊಳೆತು ಹೋದರೆ ಸಾಲದ ಕಂತು ಎಲ್ಲಿಂದ ಬರುತ್ತದೆ ಸ್ವಾಮಿ? ಮಹಾಸಭೆಯಲ್ಲಿ ಈ ವಿಷಯ ಬಂದಾಗ ದಯವಿಟ್ಟು ಮಾತಾಡಿ.

ಹಾಸಿದ ಟಾರ್ಪಾಲನ್ನು ದೀಪಾವಳಿ ಹೊತ್ತಿಗೆ ತೆಗೆಯಲೇಬೇಕು, ಅಡಿಯಲ್ಲಿ ತೇವ ಕೂತರೆ ಸ್ಲ್ಯಾಬು ಆರುವುದಿಲ್ಲ. ಇಟ್ಟಿಗೆ ಗುರುತು ಮಾಸುವುದಕ್ಕೆ ಮೊದಲು ಅದರ ಮೇಲೆ ಬಣ್ಣ ಎಳೆದಿಡಿ. ಜನವರಿ, ಫೆಬ್ರವರಿಯಲ್ಲಿ ಮೇಸ್ತ್ರಿಯನ್ನು ಕರೆಸಿ, ಬಿರುಕು ಅಗಲಿಸಿ ತುಂಬಿಸಿ, 10 ಅಡಿಗೆ ಒಂದೂವರೆಯಿಂದ ಎರಡು ಅಂಗುಲ ವಾಟ ಸಿಗುವ ಹಾಗೆ ಹೊಸ ಗಾರೆ ಹಾಕಿಸಿ. ಕೆಲಸ ಮುಗಿದ ದಿನ ನಾಲ್ಕು ಕೊಡ ನೀರು ಹುಯ್ದು, ಅದು ಪೈಪಿಗೆ ಹೋಗುತ್ತದೆಯೋ ಮೂಲೆಯಲ್ಲಿ ನಿಲ್ಲುತ್ತದೆಯೋ ನೋಡಿದ ಮೇಲೇ ಮೇಸ್ತ್ರಿಗೆ ಬಾಕಿ ಕೂಲಿ ಕೊಡಿ.