ಬಿದ್ದವನು ಎಲ್ಲಿಗೆ ಹೋಗಬೇಕು?



ಶತಮಾನೋತ್ಸವದ ಈ ಪುಣ್ಯಸಂದರ್ಭದಲ್ಲಿ ನಮ್ಮ ಹಿರಿಯರ ನಿಷ್ಠೆಯನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ನಿಷ್ಠೆಯ ಮಾತು ಬಂದಾಗ ಮನಸ್ಸು ಪ್ರಭುವಿನ ಯಾತನೆಯ ರಾತ್ರಿಯತ್ತ ಹರಿಯುತ್ತದೆ. ಆ ಒಂದೇ ರಾತ್ರಿ ಇಬ್ಬರು ಪ್ರೇಷಿತರು ಗುರುವಿಗೆ ಎರಡು ಬಗೆದರು. ಇಸ್ಕರಿಯೋತಿನ ಯೂದನ ಹೆಸರು ದ್ರೋಹಕ್ಕೆ ಮತ್ತೊಂದು ಹೆಸರಾಯಿತು. ಪೇತ್ರನ ಹೆಸರನ್ನು ನಾವು ಜ್ಞಾನಸ್ನಾನದಲ್ಲಿ ಮಕ್ಕಳಿಗೆ ಇಡುತ್ತೇವೆ. ಈ ಅಂತರ ಎಲ್ಲಿಂದ ಬಂದಿತು?

ಯೂದನು ಹೊರಗಿನ ಶತ್ರುವಲ್ಲ. ಶಿಷ್ಯರ ಹಣದ ಚೀಲ ಅವನ ಕೈಯಲ್ಲಿತ್ತು. ಬೆಥಾನಿಯದಲ್ಲಿ ಮರಿಯಳು 300 ದಿನಾರಿ ಬೆಲೆಬಾಳುವ ಪರಿಮಳತೈಲವನ್ನು ಪ್ರಭುವಿನ ಪಾದಗಳಿಗೆ ಹಚ್ಚಿದಾಗ ಆಕ್ಷೇಪಿಸಿದವನು ಇವನೇ. ಒಂದು ದಿನಾರಿ ಅಂದಿನ ಕೂಲಿಯವನ ಒಂದು ದಿನದ ಸಂಬಳ. ಲೆಕ್ಕವಿಡದೆ ಸುರಿದವಳು ಆಕೆ. ಲೆಕ್ಕ ಬಲ್ಲವನು ಗುರುವನ್ನು 30 ಬೆಳ್ಳಿ ನಾಣ್ಯಗಳಿಗೆ ಮಾರಿದನು. ಇದನ್ನೆಲ್ಲ ಅರಿತೂ ಪ್ರಭು ಕಡೆಯ ಭೋಜನದಂದು ಅವನ ಕಾಲುಗಳನ್ನು ತೊಳೆದರು.

ಪೇತ್ರನು ಹಣ ಮುಟ್ಟಲಿಲ್ಲ. ಆದರೆ ಗುರುವಿಗಾಗಿ ಪ್ರಾಣ ಕೊಡುವೆನೆಂದಿದ್ದ ಅವನು ಪ್ರಧಾನಯಾಜಕನ ಅಂಗಳದಲ್ಲಿ, ಕೆಂಡದ ಮುಂದೆ ಚಳಿ ಕಾಯಿಸಿಕೊಳ್ಳುತ್ತ, ದಾಸಿಯೊಬ್ಬಳ ಪ್ರಶ್ನೆಗೆ ಬೆದರಿದನು. ಆ ಮನುಷ್ಯನನ್ನು ಅರಿಯೆನೆಂದು ಮೂರು ಬಾರಿ ನುಡಿದನು.

ಯೂದನೂ ಪರಿತಪಿಸಿದನೆಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ. ಅವನು ಹಣವನ್ನು ಹಿಂದಕ್ಕೆ ಒಯ್ದು ತನ್ನ ಪಾಪವನ್ನು ಒಪ್ಪಿಕೊಂಡನೆಂದು ಮತ್ತಾಯನು ಬರೆದಿದ್ದಾನೆ. ಆದರೆ ಯಾರ ಮುಂದೆ? ತನ್ನನ್ನು ಉಪಯೋಗಿಸಿಕೊಂಡ ಮುಖ್ಯಯಾಜಕರ ಮುಂದೆ. ಅದು ಅವನ ಪಾಡು, ತಮಗೇನೂ ಸಂಬಂಧವಿಲ್ಲವೆಂದು ಅವರು ಮುಖ ತಿರುಗಿಸಿದರು. ಅವನು ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು, ಒಂಟಿಯಾಗಿ ಹೋಗಿ ಪ್ರಾಣ ಕಳೆದುಕೊಂಡನು.

ಪೇತ್ರನೂ ವ್ಯಥೆಯಿಂದ ಅತ್ತನು. ಆದರೆ ಅವನು ಸಂಗಡಿಗರ ಬಳಗಕ್ಕೆ ಮರಳಿದನು. ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳು ಸಮಾಧಿಯಿಂದ ಓಡಿಬಂದದ್ದು ಅವನ ಬಳಿಗೂ ಪ್ರಭುವಿನ ಪ್ರೀತಿಯ ಶಿಷ್ಯನ ಬಳಿಗೂ. ಶಿಲುಬೆಯ ಬಳಿ ನಿಂತಿದ್ದ ಆಕೆ, ಗುರುವನ್ನು ಅರಿಯೆನೆಂದವನನ್ನು ದೂರ ತಳ್ಳಲಿಲ್ಲ. ಮುಂದೆ ತಿಬೇರಿಯ ಸರೋವರದ ದಡದಲ್ಲಿ ಮತ್ತೆ ಕೆಂಡದ ಬೆಂಕಿ ಉರಿಯಿತು. ಮೂರು ನಿರಾಕರಣೆಗಳ ಎದುರು ಪ್ರೀತಿಯನ್ನು ಕುರಿತ ಮೂರು ಪ್ರಶ್ನೆಗಳು. ಪ್ರಭು ಹಳೆಯದನ್ನು ಎತ್ತಿ ಆಡದೆ ತಮ್ಮ ಕುರಿಗಳನ್ನು ಅವನಿಗೆ ಒಪ್ಪಿಸಿದರು. ಆ ಪೇತ್ರನೇ ನೀರೋ ಚಕ್ರವರ್ತಿಯ ಕಾಲದಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದನೆಂದು ಧರ್ಮಸಭೆಯ ಪರಂಪರೆ ಸಾರುತ್ತದೆ.

ಈ ಪಾಠವನ್ನು ಧರ್ಮಸಭೆಯೂ ಸುಲಭವಾಗಿ ಕಲಿಯಲಿಲ್ಲ. ಕ್ರಿ.ಶ. 250ರಲ್ಲಿ ಡೇಸಿಯಸ್ ಚಕ್ರವರ್ತಿಯ ಹಿಂಸೆಗೆ ಹೆದರಿ ಅನೇಕ ಕ್ರೈಸ್ತರು ರೋಮಿನ ದೇವತೆಗಳಿಗೆ ಬಲಿಯರ್ಪಿಸಿದರು. ಹಿಂಸೆ ತಗ್ಗಿದ ಮೇಲೆ ಅವರು ಮರಳಿ ಬಾಗಿಲಿಗೆ ಬಂದಾಗ, ಒಳಗೆ ಸೇರಿಸಲಾಗದೆಂದು ರೋಮಿನ ನೊವಾಸಿಯಾನನು ಹಟ ಹಿಡಿದನು. ಕಾರ್ಥೇಜಿನ ಬಿಷಪ್ ಸಂತ ಸಿಪ್ರಿಯಾನರು 251ರಲ್ಲಿ ಬಿಷಪರ ಸಭೆಯನ್ನು ಕೂಡಿಸಿ, ಪ್ರಾಯಶ್ಚಿತ್ತದ ಮೂಲಕ ಹಿಂದಿರುಗುವ ದಾರಿಯನ್ನು ತೆರೆದರು. ಅದೇ ಸಿಪ್ರಿಯಾನರು 258ರಲ್ಲಿ ವಿಶ್ವಾಸಕ್ಕಾಗಿ ಶಿರಚ್ಛೇದಕ್ಕೆ ಒಳಗಾದರು. ಬಿದ್ದವರಿಗೆ ಕರುಣೆ ತೋರಿದವರು ತಮ್ಮ ನಿಷ್ಠೆಯಲ್ಲಿ ಸಡಿಲರಾಗಿರಲಿಲ್ಲ.

ಪ್ರಿಯರೇ, ಬೀಳದವರಷ್ಟೇ ನಿಷ್ಠರೆಂದರೆ ಈ ದೇವಾಲಯದ ಪೀಠಗಳು ಬರಿದಾದಾವು. ಕುಡಿತಕ್ಕೆ ಸಿಲುಕಿದವನು, ಸಾಲ ತೀರಿಸಲಾರದೆ ಮುಖ ಮರೆಸಿಕೊಂಡವನು, ಒಡಹುಟ್ಟಿದವರ ನಂಬಿಕೆಯನ್ನು ಮುರಿದವಳು ಬಹುಕಾಲದ ಮೇಲೆ ಭಾನುವಾರದ ಬಲಿಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಆಗ ಅವರು ನಮ್ಮ ಮುಖದಲ್ಲಿ ಏನನ್ನು ಓದುತ್ತಾರೆ? ಮುಖ್ಯಯಾಜಕರ ತಾತ್ಸಾರವನ್ನೋ, ಮಗ್ದಲದ ಮರಿಯಳ ಶುಭವಾರ್ತೆಯನ್ನೋ?

ನೂರು ವರ್ಷ ಈ ಬಾಗಿಲನ್ನು ನಮಗಾಗಿ ತೆರೆದಿಟ್ಟ ದೇವರು, ಅದನ್ನು ಇತರರಿಗಾಗಿ ತೆರೆದಿಡುವ ಹೃದಯವನ್ನು ನಮಗೆ ದಯಪಾಲಿಸಲಿ. ಆಮೆನ್.