ಪವಿತ್ರ ಗುರುವಾರ: ಬಾಗುವ ಪ್ರೀತಿ



ಪಾಸ್ಕ ಹಬ್ಬ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಸುಣ್ಣಬಣ್ಣ, ಪಾತ್ರೆ ತಿಕ್ಕುವುದು ಶುರುವಾಗುತ್ತದೆ. ಅಂಗಳದಲ್ಲಿ ಕಾರು ಇದ್ದವರು ಅದನ್ನೂ ತೊಳೆದು ಪಾಲಿಶ್ ಮಾಡುತ್ತಾರೆ. ಒಂದು ವರ್ಷ ಪವಿತ್ರ ವಾರದ ಆರಂಭದಲ್ಲಿ ನಾವೂ ಈ ಕೆಲಸಕ್ಕೆ ಕೈಹಾಕಿದೆವು.

ತಿಕೋಟಾ, ಬಬಲೇಶ್ವರದ ಕುಟುಂಬಗಳನ್ನು ಕಂಡು ವಿಜಯಪುರಕ್ಕೆ ಮರಳುವಷ್ಟರಲ್ಲಿ ಕಾರಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತಿರುತ್ತದೆ. ಅದನ್ನು ಒಣಬಟ್ಟೆಯಿಂದ ಒರೆಸುವಂತಿಲ್ಲ. ಮಣ್ಣಿನ ಕಣ ಬಣ್ಣವನ್ನು ಗೀರುತ್ತದೆ. ಮೊದಲು ಧಾರಾಳವಾಗಿ ನೀರು ಸುರಿಯಬೇಕು. ಬೋರ್‌ವೆಲ್‌ನ ಗಡಸು ನೀರು ಒಣಗಿ ಬಿಳಿ ಕಲೆಯಾಗುವ ಮೊದಲೇ ಒರೆಸಬೇಕು. ಬಿಸಿಲೇರಿ ತಗಡು ಕಾದರೆ ಪಾಲಿಶ್ ಅಂಟಿಕೊಳ್ಳುತ್ತದೆ. ಆದ್ದರಿಂದ ಬೆಳಗಿನ ನೆರಳಿನಲ್ಲೇ, ಒಂದೊಂದೇ ಭಾಗಕ್ಕೆ ತೆಳುವಾಗಿ ಹಚ್ಚಿ, ಇನ್ನೊಂದು ಶುಭ್ರ ಬಟ್ಟೆಯಿಂದ ಮೆಲ್ಲಗೆ ಉಜ್ಜಬೇಕು. ಮೇಲ್ಭಾಗ ಉಜ್ಜುವಾಗ ತೋಳು ನೋಯುತ್ತದೆ; ಬಾಗಿಲ ಕೆಳಭಾಗಕ್ಕೂ ಗಾಲಿಗೂ ಮೊಣಕಾಲೂರಲೇಬೇಕು. ಅವಸರಪಟ್ಟವನಿಗೆ ಹೊಳಪು ಸಿಗದು.

ನಾವು ಹಾಗೆ ಗಾಲಿಯ ಮುಂದೆ ಮೊಣಕಾಲೂರಿದ್ದಾಗ ಬಬಲೇಶ್ವರದಿಂದ ಒಬ್ಬ ಹಿರಿಯರು ಬಸ್ಸಿನಲ್ಲಿ ಬಂದರು. “ಸ್ವಲ್ಪ ಮಾತಾಡೂದಿತ್ರಿ ಫಾದರ್” ಎಂದರು. “ಹತ್ತು ನಿಮಿಷ ಕೂಡ್ರಿ ಅಜ್ಜಾರ” ಎಂದೆವು. “ನಿಮ್ಮ ಕೆಲಸ ಮುಗಸ್ರಿ, ನಾ ಕುಂದರ್ತೀನಿ” ಎಂದರು. ಹತ್ತು ನಿಮಿಷ ಒಂದು ತಾಸಾಯಿತು. ಕೈ ತೊಳೆದು ಬಂದು ನೋಡಿದರೆ ಅಜ್ಜ ಇರಲಿಲ್ಲ. ನಮ್ಮ ಮುಖ ಕಾಣುವಷ್ಟು ಕಾರು ಹೊಳೆಯುತ್ತಿತ್ತು. ಆ ಮುಖ ನೋಡಲು ನಮಗೇ ನಾಚಿಕೆಯಾಯಿತು.

ಇಂದಿನ ಶುಭಸಂದೇಶದಲ್ಲಿ ಪ್ರಭು ಯೇಸು ಊಟದಿಂದೆದ್ದು, ಮೇಲುಡುಪು ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಸುತ್ತಿ, ಬೋಗುಣಿಗೆ ನೀರು ಸುರಿದು ಶಿಷ್ಯರ ಪಾದ ತೊಳೆಯುತ್ತಾರೆ (ಯೊವಾನ್ನ 13:1-15). ಅಲ್ಲೂ ನೀರಿದೆ, ಬಟ್ಟೆಯಿದೆ, ಬಾಗಿದ ಬೆನ್ನಿದೆ. ಬೇಡವೆಂದು ವಾದಿಸುವ ಪೇತ್ರನಿಗೆ ತಾಳ್ಮೆಯ ಉತ್ತರ. ಹಿಡಿದುಕೊಡಲಿದ್ದ ಯೂದನ ಪಾದಕ್ಕೂ ಅದೇ ನೀರು.

2013ರ ಪವಿತ್ರ ಗುರುವಾರದಂದು, 76 ವರ್ಷದ ಪೋಪ್ ಫ್ರಾನ್ಸಿಸ್‌ರವರು ರೋಮಿನ ಬಾಲಾಪರಾಧಿಗಳ ಬಂದೀಖಾನೆಯಲ್ಲಿ 12 ಯುವಜನರ ಮುಂದೆ ಮೊಣಕಾಲೂರಿ, ಪಾದ ತೊಳೆದು ಮುತ್ತಿಟ್ಟರು. ಆ ವಯಸ್ಸಿನಲ್ಲಿ ಕೂತು ಏಳುವುದು ಎಷ್ಟು ಕಷ್ಟವೆಂದು ನಮ್ಮ ಹಿರಿಯರು ಬಲ್ಲರು.

ಪ್ರಿಯರೇ, ಶ್ರಮವಾಗಲಿ ಸಹನೆಯಾಗಲಿ ನಮಗೆ ಬಾರದ ವಿದ್ಯೆಗಳಲ್ಲ. ತಗಡಿನ ಹೊಳಪಿಗಾಗಿ ಅರ್ಧ ದಿನ ಬಾಗಬಲ್ಲೆವು. ಹೇಳಿದ್ದನ್ನೇ ಹತ್ತು ಸಲ ಹೇಳುವ ತಾಯಿಯ ಬಳಿ ಐದು ನಿಮಿಷ ಕೂರಲು ಮಾತ್ರ ಆಗುವುದಿಲ್ಲ. ಮಾತು ಬಿಟ್ಟ ತಮ್ಮನ ಹತ್ತಿರ ಹೋದರೂ ಒಣಬಟ್ಟೆ ಹಿಡಿದೇ ಹೋಗುತ್ತೇವೆ. ಇನ್ನೊಂದು ಗೀರು ಬೀಳುತ್ತದೆ. ಮೊದಲು ಕ್ಷಮೆಯ ನೀರು ಸುರಿಯೋಣ.

ಅಂದು ಮಧ್ಯಾಹ್ನ ಅದೇ ಕಾರಿನಲ್ಲಿ ಬಬಲೇಶ್ವರಕ್ಕೆ ಹೋದೆವು. ಅಜ್ಜನ ಮನೆಯ ಕಟ್ಟೆಯ ಮೇಲೆ ಕೂತು, ಅವರ ಮಾತು ಮುಗಿಯುವವರೆಗೆ ಕೇಳಿದೆವು. ಮರಳಿದಾಗ ಕಾರಿನ ಮೇಲೆ ಮತ್ತೆ ಧೂಳು ಕೂತಿತ್ತು. ಅಂದು ಅದನ್ನು ಒರೆಸಬೇಕೆನಿಸಲಿಲ್ಲ.

ಈ ಸಂಜೆ ಬಲಿಪೂಜೆಯಲ್ಲಿ 12 ಮಂದಿಯ ಪಾದ ತೊಳೆಯುತ್ತೇವೆ. ಹದಿಮೂರನೆಯವರು ನಿಮ್ಮ ಮನೆಯಲ್ಲೇ ಕಾಯುತ್ತಿದ್ದಾರೆ. ಹಬ್ಬಕ್ಕೆ ಮುಂಚೆ ಅವರ ಮುಂದೆ ಬಾಗುವ ಕೃಪೆಯನ್ನು ಪ್ರಭು ನಮಗೆಲ್ಲರಿಗೂ ಕೊಡಲಿ. ಆಮೆನ್.